ಕಾಣೆಯಾದವರ ಇಲಾಖೆ

ಕಾಣೆಯಾಗಿದ್ದಾರೆ. ಹೆಸರು: ಚಿನ್ ಗಾಂಗ್. ವಯಸ್ಸು: 57. ದುಂಡು ಮುಖ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು. ಉದ್ಯೋಗ: ಚೀನಾ ದೇಶದ ವಿದೇಶಾಂಗ ಸಚಿವ. 2023ರ ಜೂನ್ 25ರಂದು ಬೀಜಿಂಗ್‌ನಲ್ಲಿ ಶ್ರೀಲಂಕಾ, ವಿಯೆಟ್ನಾಂ ಮತ್ತು ರಷ್ಯಾದ ಅತಿಥಿಗಳ ಜೊತೆ ಮಾತುಕತೆ ಮುಗಿಸಿ ಹೋದವರು ಮರಳಿ ಬಂದಿರುವುದಿಲ್ಲ. ಮ್ಯಾಂಡರಿನ್ ಮತ್ತು ಇಂಗ್ಲಿಷ್ ಭಾಷೆ ಬಲ್ಲವರಾಗಿರುತ್ತಾರೆ. ಸುಳಿವು ಸಿಕ್ಕವರು ದಯವಿಟ್ಟು ಯಾರಿಗೂ ತಿಳಿಸಬಾರದಾಗಿ ಕೋರಿಕೆ.

ಈ ಪ್ರಕಟಣೆಯನ್ನು ನಾನೇ ಬರೆಯಬೇಕಾಯಿತು, ಏಕೆಂದರೆ ಚೀನಾದ ಯಾವ ಠಾಣೆಯೂ ಬರೆಯಲಿಲ್ಲ. ಶೆಂಜೆನ್‌ನಂಥ ನಗರದಲ್ಲಿ ಕೆಂಪು ದೀಪ ಇರುವಾಗ ರಸ್ತೆ ದಾಟಿದವನ ಮುಖವನ್ನು ಕ್ಯಾಮೆರಾದಲ್ಲಿ ಹಿಡಿದು, ಅಲ್ಲೇ ದೊಡ್ಡ ಪರದೆಯ ಮೇಲೆ ಹಾಕಿ ಮಾನ ಕಳೆಯುವ ದೇಶ ಅದು. ಪಾದಚಾರಿಯನ್ನು ಬಿಡದ ಆ ಕಣ್ಣುಗಳಿಗೆ ಸ್ವಂತ ವಿದೇಶಾಂಗ ಸಚಿವ ಮಾತ್ರ ಕಾಣಿಸಲಿಲ್ಲ. ಅದಕ್ಕೆ ಒಂದೇ ವಾರ ಮುಂಚೆ ಅಮೆರಿಕದ ಆಗಿನ ವಿದೇಶಾಂಗ ಸಚಿವ ಆಂಟನಿ ಬ್ಲಿಂಕನ್ ಬೀಜಿಂಗ್‌ಗೆ ಬಂದು ಇದೇ ಚಿನ್ ಗಾಂಗ್ ಜೊತೆ ಐದೂವರೆ ಗಂಟೆ ಕೂತು ಹೋಗಿದ್ದರು. ಇನ್ನು ಮುಂದೆ ಸಂಪರ್ಕದ ಬಾಗಿಲು ತೆರೆದಿಡೋಣ ಅಂತ ಇಬ್ಬರೂ ಒಪ್ಪಿದ್ದರಂತೆ. ಬಾಗಿಲೇನೋ ತೆರೆದೇ ಇತ್ತು, ಒಳಗಿದ್ದವರು ಇರಲಿಲ್ಲ.

ಜುಲೈನಲ್ಲಿ ಜಕಾರ್ತಾದ ಆಸಿಯಾನ್ ಸಭೆಗೆ ಬರಲಿಲ್ಲ. ‘ಆರೋಗ್ಯದ ಕಾರಣ’ ಎಂದರು. ಆಮೇಲೆ ವಿದೇಶಾಂಗ ಇಲಾಖೆಯ ನಿತ್ಯದ ಪತ್ರಿಕಾಗೋಷ್ಠಿಯಲ್ಲಿ ವಕ್ತಾರೆ ಮಾವೊ ನಿಂಗ್ ಅವರಿಗೆ ಪರದೇಶದ ವರದಿಗಾರರು ಬಿಡದೆ ಅದೇ ಪ್ರಶ್ನೆ ಕೇಳಿದರು. ನಿಮ್ಮ ಸಚಿವರು ಎಲ್ಲಿ? ಮಾಹಿತಿ ಇಲ್ಲ. ಹೇಗಿದ್ದಾರೆ? ಮಾಹಿತಿ ಇಲ್ಲ. ಈಗಲೂ ಅವರೇ ಸಚಿವರೇ? ಜಾಲತಾಣ ನೋಡಿಕೊಳ್ಳಿ. ಸಂಜೆ ಅದೇ ಗೋಷ್ಠಿಯ ಲಿಖಿತ ಪ್ರತಿ ಹೊರಬಂದಾಗ ನೋಡಿದರೆ ಚಿನ್ ಗಾಂಗ್ ಕುರಿತ ಪ್ರಶ್ನೆಗಳೇ ಅದರಲ್ಲಿ ಇಲ್ಲ! ಮನುಷ್ಯ ಕಾಣೆ, ಮನುಷ್ಯ ಎಲ್ಲಿ ಎಂದು ಕೇಳಿದ ಪ್ರಶ್ನೆಯೂ ಕಾಣೆ. ಇಷ್ಟು ಅಚ್ಚುಕಟ್ಟಾದ ಕಡತ ನಿರ್ವಹಣೆ ಬೇರೆ ಯಾವ ಸರ್ಕಾರದಲ್ಲಿದೆ ಹೇಳಿ.

ಜುಲೈ 25ರಂದು ಸಂಸತ್ತಿನ ಸ್ಥಾಯಿ ಸಮಿತಿ ತುರ್ತಾಗಿ ಸೇರಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿತು. ಕಾರಣ ಹೇಳಲಿಲ್ಲ. ಇಲಾಖೆಯ ಜಾಲತಾಣದಲ್ಲಿ ಅವರ ಪುಟಗಳು ಮಾಯವಾದವು. ಮರುವರ್ಷ ಜುಲೈನಲ್ಲಿ ಪಕ್ಷದ ಕೇಂದ್ರ ಸಮಿತಿಗೆ ಅವರು ಕೊಟ್ಟಿದ್ದ ರಾಜೀನಾಮೆಯನ್ನು ಸ್ವೀಕರಿಸಲಾಗಿದೆ ಎಂಬ ಸುದ್ದಿ ಬಂತು. ಅದರಲ್ಲಿ ಅವರನ್ನು ಇನ್ನೂ ‘ಕಾಮ್ರೇಡ್’ ಎಂದೇ ಕರೆದಿದ್ದರು. ಕಾಮ್ರೇಡ್ ಎಂದಿದ್ದಾರೆ, ಅಂದರೆ ಜೈಲಿಗೆ ಹೋಗುವಷ್ಟು ಕೆಟ್ಟಿಲ್ಲ ಎಂದು ಬೀಜಿಂಗ್ ಪಂಡಿತರು ನಿಟ್ಟುಸಿರು ಬಿಟ್ಟರು. ರಾಜೀನಾಮೆಗೆ ಸಹಿ ಹಾಕಿದ ಕೈ ಎಲ್ಲಿದೆ ಎಂದು ಮಾತ್ರ ಯಾರೂ ಹೇಳಲಿಲ್ಲ.

ಬೀಜಿಂಗ್ ಪಂಡಿತರೆಂದರೆ ಇಂದಿನ ಜಗತ್ತಿನ ಅತ್ಯಂತ ಪಾಪದ ಜೀವಿಗಳು. ರಾತ್ರಿ ಏಳಕ್ಕೆ ಸಿಸಿಟಿವಿಯ ಅರ್ಧ ಗಂಟೆಯ ವಾರ್ತೆ ಶುರುವಾದರೆ ಟಿವಿಗೆ ಮೂಗು ತಾಗಿಸಿ ಕೂರುತ್ತಾರೆ. ಯಾರು ಏನು ಹೇಳಿದರು ಅನ್ನುವುದು ಅವರಿಗೆ ಬೇಕಿಲ್ಲ, ಎಲ್ಲರೂ ಹೇಳುವುದು ಒಂದೇ. ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಯಾರ್‍ಯಾರು ಬಂದಿಲ್ಲ, ಯಾಕೆ ಬಂದಿಲ್ಲ ಅಂತ ಲೆಕ್ಕ ಹಾಕುವ ಸೋದರತ್ತೆಯ ಕೆಲಸ ಅವರದು. ಎರಡನೇ ಸಾಲಿನಲ್ಲಿ ಎಡದಿಂದ ನಾಲ್ಕನೇ ಕುರ್ಚಿ ಖಾಲಿ ಇದೆಯೇ? ಕಳೆದ ಸಲ ಮೂರನೆಯದಾಗಿ ಓದಿದ ಹೆಸರನ್ನು ಈ ಸಲ ಐದನೆಯದಾಗಿ ಓದಿದರೇ? ಅದರ ಮೇಲೆ ವಾಷಿಂಗ್ಟನ್‌ನಲ್ಲಿ ವರದಿ ತಯಾರಾಗುತ್ತದೆ, ದಿಲ್ಲಿಯಲ್ಲಿ ವಿಚಾರ ಸಂಕಿರಣ ನಡೆಯುತ್ತದೆ. ಉಪಗ್ರಹ, ಗೂಢಚಾರಿಕೆ ಎಲ್ಲ ಬೆಳೆದ ಮೇಲೂ ನೂರನಲವತ್ತು ಕೋಟಿ ಜನರ ದೇಶದ ರಾಜಕೀಯ ತಿಳಿಯಲು ಉಳಿದಿರುವ ದಾರಿ ಕುರ್ಚಿ ಎಣಿಸುವುದೊಂದೇ.

ಮನುಷ್ಯರನ್ನು ಮಾಯ ಮಾಡುವ ಕಲೆಯಲ್ಲಿ ಚೀನಾದ ಮೇರುಕೃತಿ ಯಾವುದು ಎಂದು ಕೇಳಿದರೆ ನಾನು ಚಿನ್ ಗಾಂಗ್ ಅವರ ಹೆಸರು ಹೇಳುವುದಿಲ್ಲ. ಆ ಗೌರವ ಮೆಂಗ್ ಹಾಂಗ್‌ವೇ ಅವರಿಗೆ ಸಲ್ಲಬೇಕು. ಅವರು ಆಗ ಚೀನಾದ ಸಾರ್ವಜನಿಕ ಭದ್ರತಾ ಇಲಾಖೆಯ ಉಪಸಚಿವ. ಜೊತೆಗೆ 2016ರಿಂದ ಇಂಟರ್‌ಪೋಲ್‌ನ ಅಧ್ಯಕ್ಷ. ಓಡಿಹೋದವರನ್ನು, ತಲೆಮರೆಸಿಕೊಂಡವರನ್ನು, ಕಾಣೆಯಾದವರನ್ನು ಲೋಕವೆಲ್ಲ ಜಾಲಾಡಿ ಹುಡುಕುವ ಸಂಸ್ಥೆಯ ಅಧ್ಯಕ್ಷರು 2018ರ ಸೆಪ್ಟೆಂಬರ್‌ನಲ್ಲಿ ಫ್ರಾನ್ಸಿನಿಂದ ಚೀನಾಕ್ಕೆ ಹೊರಟು ಸ್ವತಃ ಕಾಣೆಯಾದರು. ಲಿಯೋನ್‌ನಲ್ಲಿದ್ದ ಹೆಂಡತಿಯ ಮೊಬೈಲಿಗೆ ‘ನನ್ನ ಕರೆಗೆ ಕಾಯಿ’ ಎಂಬ ಸಂದೇಶ ಬಂತು. ಅದರ ಹಿಂದೆಯೇ ಒಂದು ಚಾಕುವಿನ ಚಿತ್ರ ಬಂತು. ಆಮೇಲೆ ಏನೂ ಬರಲಿಲ್ಲ. ಆಕೆ ಫ್ರಾನ್ಸಿನ ಪೊಲೀಸರಿಗೆ ದೂರು ಕೊಟ್ಟರು. ಇಂಟರ್‌ಪೋಲ್ ತನ್ನ ಅಧ್ಯಕ್ಷರು ಎಲ್ಲಿದ್ದಾರೆ ದಯವಿಟ್ಟು ತಿಳಿಸಿ ಎಂದು ಚೀನಾಕ್ಕೆ ಅರ್ಜಿ ಹಾಕಿತು. ಅಧ್ಯಕ್ಷರ ರಾಜೀನಾಮೆ ಪತ್ರ ಅಕ್ಟೋಬರ್ 7ರಂದು ಇಂಟರ್‌ಪೋಲ್‌ನ ಕೈ ಸೇರಿತು. ಸಂಸ್ಥೆ ಅದನ್ನು ಮರುಮಾತಿಲ್ಲದೆ ಸ್ವೀಕರಿಸಿತು. 2020ರ ಜನವರಿಯಲ್ಲಿ ಲಂಚದ ಆರೋಪದ ಮೇಲೆ ಅವರಿಗೆ ಹದಿಮೂರೂವರೆ ವರ್ಷ ಶಿಕ್ಷೆಯಾಯಿತು. ಇಂಟರ್‌ಪೋಲ್‌ನ ಇತಿಹಾಸದಲ್ಲಿ ಇಷ್ಟು ಬೇಗ ಮುಗಿದ ಹುಡುಕಾಟ ಇನ್ನೊಂದಿರಲಾರದು.

ಇದೆಲ್ಲ ಕಾನೂನುಬಾಹಿರ ಎಂದು ಮೂಗು ಮುರಿಯಬೇಡಿ. ಪಕ್ಕಾ ಕಾನೂನು ಇದೆ. 2018ರ ಮೇಲ್ವಿಚಾರಣಾ ಕಾನೂನು ‘ಲಿಯೂಝಿ’ ಎಂಬ ಬಂಧನಕ್ಕೆ ಅವಕಾಶ ಕೊಟ್ಟಿತು. ಆಗಿನ ಮಿತಿ ಮೊದಲು ಮೂರು ತಿಂಗಳು, ಬೇಕಾದರೆ ಇನ್ನೂ ಮೂರು ತಿಂಗಳು. ವಕೀಲರಿಲ್ಲ. ಕರೆದೊಯ್ದ ಸುದ್ದಿಯನ್ನು ಮನೆಯವರಿಗೆ ಹೇಳುವುದರಿಂದ ತನಿಖೆಗೆ ಅಡ್ಡಿಯಾಗುತ್ತದೆ ಅನ್ನಿಸಿದರೆ ಹೇಳಬೇಕಾಗಿಯೂ ಇಲ್ಲ. ಹಿಂದೆ ಇದೇ ಕೆಲಸವನ್ನು ಪಕ್ಷ ತನ್ನಷ್ಟಕ್ಕೆ ಕಾನೂನಿನ ಹಂಗಿಲ್ಲದೆ ಮಾಡುತ್ತಿತ್ತು. ಟೀಕೆ ಬಂತು. ಸುಧಾರಣೆ ಮಾಡಿದರು. ಈಗ ಅದನ್ನೇ ಕಾನೂನಿನ ಪ್ರಕಾರ ಮಾಡುತ್ತಾರೆ.

ಚಿನ್ ಗಾಂಗ್ ಹೋದ ಎರಡೇ ತಿಂಗಳಿಗೆ ರಕ್ಷಣಾ ಸಚಿವ ಲಿ ಶಾಂಗ್‌ಫು ಅವರ ಸರದಿ. ಅಮೆರಿಕ ಇವರ ಮೇಲೆ 2018ರಲ್ಲೇ ನಿರ್ಬಂಧ ಹೇರಿತ್ತು. ರಷ್ಯಾದಿಂದ ಸುಖೋಯ್-35 ವಿಮಾನ, ಎಸ್-400 ಕ್ಷಿಪಣಿ ಕೊಂಡ ವ್ಯವಹಾರ ಇವರ ಕೈಯಲ್ಲಿತ್ತು ಅಂತ. 2023ರ ಜೂನ್‌ನಲ್ಲಿ ಸಿಂಗಪುರದಲ್ಲಿ ಅಮೆರಿಕದ ರಕ್ಷಣಾ ಸಚಿವರು ಭೇಟಿ ಕೇಳಿದಾಗ, ಮೊದಲು ನಿರ್ಬಂಧದ ಕತೆ ಮುಗಿಸಿ ಎಂದು ಚೀನಾ ಒಲ್ಲೆ ಎಂದಿತು. ಅದಕ್ಕೂ ಮೊದಲು ಏಪ್ರಿಲ್‌ನಲ್ಲಿ ಶಾಂಘೈ ಸಹಕಾರ ಸಂಘಟನೆಯ ಸಭೆಗೆ ದಿಲ್ಲಿಗೆ ಬಂದಿದ್ದಾಗ ರಾಜನಾಥ್ ಸಿಂಗ್ ಇವರ ಕೈ ಕುಲುಕದೆ ಬರೀ ನಮಸ್ಕಾರ ಹಾಕಿದ್ದು ನಮ್ಮಲ್ಲಿ ದೊಡ್ಡ ಸುದ್ದಿಯಾಗಿತ್ತು. ಗಡಿಯ ಗಲ್ವಾನ್ ಕಾದಾಟದ ಸಿಟ್ಟು ಎಂದು ಎಲ್ಲರೂ ಬರೆದರು. ನಾಲ್ಕೇ ತಿಂಗಳು, ಆಗಸ್ಟ್ 29ರಂದು ಬೀಜಿಂಗ್‌ನ ಆಫ್ರಿಕಾ ಶಾಂತಿ ಸಭೆಯಲ್ಲಿ ಭಾಷಣ ಮಾಡಿದ್ದೇ ಕೊನೆ. ಅಮೆರಿಕದ ನಿರ್ಬಂಧದಿಂದ ಅವರಿಗೆ ವಾಷಿಂಗ್ಟನ್‌ಗೆ ಹೋಗಲು ಆಗುತ್ತಿರಲಿಲ್ಲ. ಸ್ವದೇಶದ ನಿರ್ಬಂಧದಿಂದ ಎಲ್ಲಿಗೂ ಹೋಗದಂತಾಯಿತು. ಅಕ್ಟೋಬರ್‌ನಲ್ಲಿ ಹುದ್ದೆ ಹೋಯಿತು. ಮುಂದಿನ ಎರಡು ತಿಂಗಳು, ಡಾಂಗ್ ಜುನ್ ಬರುವವರೆಗೆ, ಜಗತ್ತಿನ ಅತಿ ದೊಡ್ಡ ಸೇನೆಗೆ ರಕ್ಷಣಾ ಸಚಿವರೇ ಇರಲಿಲ್ಲ. 2024ರ ಜೂನ್ 27ರಂದು ಲಿ ಶಾಂಗ್‌ಫು ಅವರನ್ನೂ, ಅವರಿಗಿಂತ ಮುಂಚೆ ಅದೇ ಕುರ್ಚಿಯಲ್ಲಿದ್ದ ವೇಯ್ ಫೆಂಗ್‌ಹ ಅವರನ್ನೂ ಒಂದೇ ದಿನ ಪಕ್ಷದಿಂದ ಹೊರಹಾಕಿದರು. ಪ್ರತ್ಯೇಕ ಪತ್ರ ಬರೆಯುವ ಕಾಗದವಾದರೂ ಉಳಿಯಿತಲ್ಲ.

ಸೇನೆಯ ನಿಜವಾದ ಯಜಮಾನಿಕೆ ರಕ್ಷಣಾ ಸಚಿವರದಲ್ಲ, ಕೇಂದ್ರೀಯ ಮಿಲಿಟರಿ ಆಯೋಗದ್ದು. 2022ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಮೂರನೇ ಬಾರಿ ಪಕ್ಷದ ಗದ್ದುಗೆ ಏರಿದಾಗ ಈ ಆಯೋಗದಲ್ಲಿ ಏಳು ಕುರ್ಚಿ ತುಂಬಿದ್ದರು. ಅಧ್ಯಕ್ಷರ ಕುರ್ಚಿ ಷಿ ಅವರದೇ. ಉಳಿದ ಆರರಲ್ಲಿ ಲಿ ಶಾಂಗ್‌ಫು ಹೋದರು. ಸೈನಿಕರಿಗೆ ರಾಜಕೀಯ ನಿಷ್ಠೆ ಕಲಿಸುವ ವಿಭಾಗದ ಮುಖ್ಯಸ್ಥ ಮಿಯಾವ್ ಹುವಾ 2024ರ ನವೆಂಬರ್‌ನಲ್ಲಿ ಅಮಾನತಾದರು. ನಿಷ್ಠೆಯ ಮೇಷ್ಟರೇ ನಿಷ್ಠೆಯಲ್ಲಿ ನಪಾಸು. ಉಪಾಧ್ಯಕ್ಷ ಹೆ ವೇಡಾಂಗ್ 2025ರ ಮಾರ್ಚ್‌ನಲ್ಲಿ ಸಂಸತ್ತಿನ ಸಮಾರೋಪದಲ್ಲಿ ಕಂಡವರು ಆಮೇಲೆ ಕಾಣಲಿಲ್ಲ. ಅಕ್ಟೋಬರ್ 17ರಂದು ಮಿಯಾವ್ ಹುವಾ ಸೇರಿ ಒಟ್ಟು ಒಂಬತ್ತು ಮಂದಿ ಹಿರಿಯ ಸೇನಾಧಿಕಾರಿಗಳ ಉಚ್ಚಾಟನೆಯ ಪಟ್ಟಿಯಲ್ಲಿ ಅವರ ಹೆಸರು ಬಂತು. 2026ರ ಜನವರಿ 24ರಂದು ಮೊದಲನೇ ಉಪಾಧ್ಯಕ್ಷ ಝಾಂಗ್ ಯೂಶಿಯಾ ಮತ್ತು ಜಂಟಿ ಸಿಬ್ಬಂದಿ ಮುಖ್ಯಸ್ಥ ಲಿಯು ಝೆನ್‌ಲಿ ಇಬ್ಬರ ಮೇಲೂ ತನಿಖೆ ಎಂದು ರಕ್ಷಣಾ ಇಲಾಖೆ ಪ್ರಕಟಿಸಿತು.

ಝಾಂಗ್ ಯೂಶಿಯಾ ಸಾಮಾನ್ಯ ಆಸಾಮಿಯಲ್ಲ. 1979ರ ವಿಯೆಟ್ನಾಂ ಯುದ್ಧದಲ್ಲಿ ಕಾದಾಡಿದವರು. ಇಂದಿನ ಚೀನಾ ಸೇನೆಯ ತುದಿಯಲ್ಲಿ ನಿಜವಾದ ಗುಂಡಿನ ಸದ್ದು ಕೇಳಿದ್ದವರು ಬೆರಳೆಣಿಕೆ, ಅವರಲ್ಲೊಬ್ಬರು. ಅವರ ತಂದೆ ಮತ್ತು ಷಿ ಅವರ ತಂದೆ ಕ್ರಾಂತಿಯ ಕಾಲದಲ್ಲಿ ಒಂದೇ ಸೇನೆಯಲ್ಲಿ ಹೆಗಲಿಗೆ ಹೆಗಲು ಕೊಟ್ಟವರು. ವಯಸ್ಸು ಮೀರಿದ್ದರೂ ನಿವೃತ್ತಿ ಕೊಡದೆ ಷಿ ಅವರೇ ಉಳಿಸಿಕೊಂಡಿದ್ದರು. ಅವರ ಅಪರಾಧ? ‘ಅಧ್ಯಕ್ಷರ ಹೊಣೆಗಾರಿಕೆ ವ್ಯವಸ್ಥೆ’ಯನ್ನು ತುಳಿದು ಹಾಳುಗೆಡವಿದರು ಎಂದು ಸೇನೆಯ ಪತ್ರಿಕೆ ಸಂಪಾದಕೀಯ ಬರೆಯಿತು. ಬಿಡಿಸಿ ಹೇಳಬೇಕೆಂದರೆ, ಹೊಣೆ ಜನರಲ್ಲುಗಳದು, ವ್ಯವಸ್ಥೆ ಅಧ್ಯಕ್ಷರದು.

ಏಳರಲ್ಲಿ ಉಳಿದದ್ದು ಎರಡು. ಒಬ್ಬರು ಷಿ. ಇನ್ನೊಬ್ಬರು ಝಾಂಗ್ ಶೆಂಗ್‌ಮಿನ್. ಸೇನೆಯ ಶಿಸ್ತು ತಪಾಸಣೆಯ ಮುಖ್ಯಸ್ಥ. ಸುಮಾರು ಇಪ್ಪತ್ತು ಲಕ್ಷ ಸೈನಿಕರಿರುವ, ತೈವಾನನ್ನು ಇಂದಲ್ಲ ನಾಳೆ ವಶಪಡಿಸಿಕೊಳ್ಳುವುದಾಗಿ ಗುಡುಗುವ ಸೇನೆಯ ತುದಿಯಲ್ಲಿ ಕೂತಿರುವವರು ಒಬ್ಬ ನೇಮಿಸುವಾತ, ಒಬ್ಬ ತನಿಖೆ ಮಾಡುವಾತ. ಮಧ್ಯೆ ಯುದ್ಧ ಮಾಡುವಾತ ಇದ್ದರೆ ವಿನಾಕಾರಣ ಗೊಂದಲ.

ಇದನ್ನು ಭ್ರಷ್ಟಾಚಾರದ ವಿರುದ್ಧದ ಸಮರ ಎನ್ನುತ್ತಾರೆ. ಚೀನಾದ ಸೇನೆಯಲ್ಲಿ ಬಡ್ತಿಗೂ ಬೆಲೆಪಟ್ಟಿ ಇತ್ತೆಂಬುದು ಸುಳ್ಳಲ್ಲ; ಕೃಷಿ ಸಚಿವರಾಗಿದ್ದ ತಾಂಗ್ ರೆಂಜಿಯಾನ್ 26 ಕೋಟಿ 80 ಲಕ್ಷ ಯುವಾನಿಗೂ ಮಿಕ್ಕಿ ಲಂಚ ತಿಂದರೆಂದು ನ್ಯಾಯಾಲಯವೇ ಹೇಳಿ, ಸದ್ಯಕ್ಕೆ ಜಾರಿಯಾಗದ ಮರಣದಂಡನೆ ಕೊಟ್ಟಿದೆ. ತಿಂದವರನ್ನು ಹಿಡಿಯುವುದು ಬೇಡ ಅನ್ನಲು ನನಗೇನು ಹುಚ್ಚೇ. ಆದರೆ ಒಂದು ಸಣ್ಣ ಕುತೂಹಲ. ಹಿಂದಿನವರ ಕಾಲದ ಪಾಪಿಗಳನ್ನೆಲ್ಲ ಹಿಡಿದು ಮುಗಿಸಿ ಬಹಳ ಕಾಲವಾಯಿತು. ಚಿನ್ ಗಾಂಗ್, ಲಿ ಶಾಂಗ್‌ಫು, ಹೆ ವೇಡಾಂಗ್, ಮಿಯಾವ್ ಹುವಾ ಇವರೆಲ್ಲ ಯಾರ ಕೈಯಿಂದ ಮೇಲೆ ಬಂದವರು? ಹಿರಿಯರನ್ನು ಹಾರಿಸಿ, ಮೆಟ್ಟಿಲು ತಪ್ಪಿಸಿ, ಕೈ ಹಿಡಿದು ಮೇಲಕ್ಕೆ ತಂದ ಆ ಕೈ ಒಂದೇ. ಹತ್ತು ವರ್ಷ ಸೋಸಿ ಸೋಸಿ ಆರಿಸಿದ ಅಪ್ಪಟ ನಿಷ್ಠಾವಂತರೇ ದ್ರೋಹಿಗಳಾದರೆ, ತಪ್ಪು ಕಾಳಿನದೋ ಜರಡಿಯದೋ ಎಂದು ಕೇಳುವ ಧೈರ್ಯ ಆ ಊರಿನಲ್ಲಿ ಯಾರಿಗಿದೆ?

ಧೈರ್ಯ ಇದ್ದವರು ಹಿಂದೆ ಇದ್ದರು. 2018ರ ಮಾರ್ಚ್‌ನಲ್ಲಿ ಅಧ್ಯಕ್ಷರ ಎರಡು ಅವಧಿಯ ಮಿತಿಯನ್ನು ಸಂವಿಧಾನದಿಂದ ಕಿತ್ತು ಹಾಕುವಾಗ 2,958 ಮಂದಿ ಪರವಾಗಿ, ಇಬ್ಬರು ವಿರುದ್ಧವಾಗಿ ಮತ ಹಾಕಿದರು, ಮೂವರು ತಟಸ್ಥ. 2023ರ ಮಾರ್ಚ್‌ನಲ್ಲಿ ಮೂರನೇ ಅವಧಿಗೆ ಆರಿಸುವಾಗ 2,952 ಪರ, ವಿರುದ್ಧ ಸೊನ್ನೆ. ಐದು ವರ್ಷದಲ್ಲಿ ಆ ಇಬ್ಬರೂ ಕಾಣೆ! ಮತದಾನ ಗುಪ್ತವಾಗಿದ್ದರಿಂದ ಅವರು ಯಾರು ಅಂತ ಯಾರಿಗೂ ಗೊತ್ತಿಲ್ಲ. ಅಷ್ಟರ ಮಟ್ಟಿಗೆ ಪುಣ್ಯವಂತರು.

ಹಿಂದಿನ ಅಧ್ಯಕ್ಷ ಹು ಜಿಂಟಾವೊ ಅವರಿಗೆ ಆ ಪುಣ್ಯ ಇರಲಿಲ್ಲ. 2022ರ ಅಕ್ಟೋಬರ್ 22ರಂದು ಪಕ್ಷದ ಮಹಾಧಿವೇಶನದ ಕೊನೇ ದಿನ, ಷಿ ಅವರ ಪಕ್ಕದ ಕುರ್ಚಿಯಲ್ಲೇ ಕೂತಿದ್ದ ಮುದುಕ ಎದುರಿಗಿದ್ದ ಕೆಂಪು ಕಡತಕ್ಕೆ ಕೈ ಹಾಕಿದರು. ಪಕ್ಕದಲ್ಲಿದ್ದವರು ಅದನ್ನು ಸರಿಸಿದರು. ಇಬ್ಬರು ಬಂದು ಕಂಕುಳಿಗೆ ಕೈ ಕೊಟ್ಟು ಎಬ್ಬಿಸಿದರು. ಹೋಗುವಾಗ ಷಿ ಅವರಿಗೆ ಏನೋ ಹೇಳಿದರು, ಪ್ರಧಾನಿ ಲಿ ಕೆಚಿಯಾಂಗ್ ಅವರ ಹೆಗಲು ತಟ್ಟಿದರು. ಸಾಲಿನಲ್ಲಿ ಕೂತಿದ್ದ ಮಹನೀಯರು ಯಾರೂ ಕತ್ತು ತಿರುಗಿಸಲಿಲ್ಲ. ಎದುರಿಗಿದ್ದ ಗೋಡೆಯಲ್ಲಿ ಅಷ್ಟು ಆಸಕ್ತಿ ಹುಟ್ಟಿಸುವಂಥದ್ದೇನಿತ್ತೋ. ಅವರಿಗೆ ಹುಷಾರಿರಲಿಲ್ಲ ಎಂದು ಷಿನ್‌ಹುವಾ ಸುದ್ದಿಸಂಸ್ಥೆ ಆಮೇಲೆ ಟ್ವಿಟರ್‌ನಲ್ಲಿ ತಿಳಿಸಿತು. ಚೀನಾದೊಳಗೆ ಟ್ವಿಟರ್ ಇಲ್ಲವಲ್ಲ, ಹಾಗಾಗಿ ಅಲ್ಲಿನ ಜನರ ಪಾಲಿಗೆ ಅವರು ಹುಷಾರಾಗಿಯೇ ಇದ್ದರು.

ಮನುಷ್ಯರನ್ನು ಮಾಯ ಮಾಡಿ ಕೈ ಪಳಗಿದ ಮೇಲೆ ಅಂಕಿಅಂಶ ಯಾವ ಲೆಕ್ಕ. 2023ರ ಜೂನ್‌ನಲ್ಲಿ 16ರಿಂದ 24 ವರ್ಷದ ನಗರವಾಸಿಗಳ ನಿರುದ್ಯೋಗ ಶೇ 21.3ಕ್ಕೆ ಏರಿತು. ಆಗಸ್ಟ್‌ನಲ್ಲಿ ಸರ್ಕಾರ ಅದಕ್ಕೊಂದು ಪರಿಹಾರ ಕಂಡುಹಿಡಿಯಿತು: ಅಂಕಿ ಪ್ರಕಟಿಸುವುದನ್ನೇ ನಿಲ್ಲಿಸಿತು. ಮರುವರ್ಷ ಜನವರಿಯಲ್ಲಿ ವಿದ್ಯಾರ್ಥಿಗಳನ್ನು ಬಿಟ್ಟು ಲೆಕ್ಕ ಹಾಕಿ ಶೇ 14.9 ಎಂದು ಮತ್ತೆ ಪ್ರಕಟಿಸಿತು. 2020ರಲ್ಲಿ ಪ್ರಧಾನಿ ಲಿ ಕೆಚಿಯಾಂಗ್ ವಾರ್ಷಿಕ ಪತ್ರಿಕಾಗೋಷ್ಠಿಯಲ್ಲಿ ಬಾಯಿ ತಪ್ಪಿ ಒಂದು ನಿಜ ಹೇಳಿಬಿಟ್ಟಿದ್ದರು: ದೇಶದ ಅರವತ್ತು ಕೋಟಿ ಜನರ ತಿಂಗಳ ಆದಾಯ ಸಾವಿರ ಯುವಾನ್ ಆಸುಪಾಸು. 1993ರಿಂದ ಪ್ರತಿವರ್ಷ ನಡೆಯುತ್ತಿದ್ದ ಆ ಪತ್ರಿಕಾಗೋಷ್ಠಿ 2024ರಲ್ಲಿ ಕಾಣೆಯಾಯಿತು. 2022ರ ನವೆಂಬರ್‌ನಲ್ಲಿ ಉರುಮ್ಚಿಯ ಬೆಂಕಿ ದುರಂತದ ನಂತರ ಕೋವಿಡ್ ದಿಗ್ಬಂಧನದ ವಿರುದ್ಧ ಬೀದಿಗಿಳಿದ ಯುವಕರು ಖಾಲಿ ಬಿಳಿ ಹಾಳೆ ಹಿಡಿದು ನಿಂತರು. ಅಳಿಸಲು ಏನೂ ಇಲ್ಲದ ಬರಹ ಕಂಡು ಸೆನ್ಸಾರ್‌ನವರು ತಲೆ ಕೆರೆದುಕೊಂಡಿರಬೇಕು. ಪೊಲೀಸರಿಗೆ ಆ ಗೊಂದಲ ಇರಲಿಲ್ಲ. ಹಾಳೆ ಬಿಟ್ಟು ಹಿಡಿದವರನ್ನೇ ಒಯ್ದರು.

ಮನೆಯೊಳಗೆ ಇರುವುದನ್ನು ಇಲ್ಲ ಎನ್ನುವವರು ಮನೆ ಹೊರಗೆ ಇಲ್ಲದ್ದನ್ನು ಇದೆ ಎನ್ನುತ್ತಾರೆ. ಮೊದಲನೆಯದು ಗೃಹನೀತಿ, ಎರಡನೆಯದು ವಿದೇಶಾಂಗ ನೀತಿ. ಸ್ವಂತ ಸಚಿವರ ಹೆಸರು ಅಳಿಸುವ ಅದೇ ಸರ್ಕಾರ ನಮ್ಮ ಅರುಣಾಚಲದ ಬೆಟ್ಟ, ಹೊಳೆ, ಕಣಿವೆಗಳಿಗೆ ಹೊಸ ಹೆಸರು ಇಡುವುದರಲ್ಲಿ ಮಗ್ನವಾಗಿದೆ. 2017ರಲ್ಲಿ 6, 2021ರಲ್ಲಿ 15, 2023ರಲ್ಲಿ 11, 2024ರಲ್ಲಿ 30, 2025ರಲ್ಲಿ 27. ನಿಮ್ಮ ಮನೆಯ ಹೆಸರನ್ನು ನಾನು ಬದಲಿಸಿದರೆ ಅದು ನನ್ನದಾಗುತ್ತದೆಯೇ ಎಂದು ನಮ್ಮ ಜೈಶಂಕರ್ ಸೂರತ್‌ನಲ್ಲಿ ಕೇಳಿದರು. ಪ್ರಶ್ನೆ ಸರಿಯಾಗೇ ಇದೆ, ಆದರೆ ಬೀಜಿಂಗ್‌ನ ಲಿಖಿತ ಪ್ರತಿಯಲ್ಲಿ ಪ್ರಶ್ನೆಗಳಿಗೆ ಜಾಗವಿಲ್ಲವಲ್ಲ.

2023ರ ಆಗಸ್ಟ್‌ನಲ್ಲಿ ಹೊಸ ಭೂಪಟ ಹೊರಟಿತು. ಅದನ್ನು ನೋಡಿ ಭಾರತ, ಮಲೇಷ್ಯಾ, ಫಿಲಿಪ್ಪೀನ್ಸ್, ವಿಯೆಟ್ನಾಂ, ತೈವಾನ್ ಎಲ್ಲವೂ ಒಟ್ಟಿಗೆ ಕೂಗಿದವು; ಆಸಿಯಾನ್ ಸಭೆಗಳಲ್ಲಿ ವರ್ಷಗಟ್ಟಲೆ ಸಾಧ್ಯವಾಗದ ಒಗ್ಗಟ್ಟು ಒಂದು ಭೂಪಟದಿಂದ ಸಾಧ್ಯವಾಯಿತು. ಸೋಜಿಗವೆಂದರೆ ರಷ್ಯಾದ ಜೊತೆ ಹಂಚಿಕೊಂಡು ಒಪ್ಪಂದವಾಗಿದ್ದ ಉಸ್ಸುರಿ ನದಿ ಬಳಿಯ ದ್ವೀಪವನ್ನೂ ಇಡಿಯಾಗಿ ಚೀನಾದ ಬಣ್ಣದಲ್ಲೇ ಬಳಿದಿದ್ದರು. ಮಾಸ್ಕೊ ಮಾತ್ರ ಆಕ್ಷೇಪ ಎತ್ತಲಿಲ್ಲ. 2022ರಲ್ಲಿ ಇಬ್ಬರೂ ‘ಮಿತಿಯಿಲ್ಲದ ಸ್ನೇಹ’ ಎಂದು ಸಹಿ ಹಾಕಿದ್ದರಲ್ಲ. ಮಿತಿಯೇ ಇಲ್ಲದ ಮೇಲೆ ಗಡಿ ಎಲ್ಲಿಂದ ಬರಬೇಕು. ಇನ್ನು ದಕ್ಷಿಣ ಚೀನಾ ಸಮುದ್ರದಲ್ಲಿ ಭರತ ಬಂದಾಗ ಮುಳುಗುತ್ತಿದ್ದ ದಿಬ್ಬಗಳ ಮೇಲೆ ಮರಳು ಸುರಿದು, ಮೂರು ಕಿಲೋಮೀಟರ್ ಉದ್ದದ ರನ್‌ವೇ ಕಟ್ಟಿದ್ದಾರೆ. ಅಲ್ಲಿ ಸೇನೆ ಇಡುವ ಉದ್ದೇಶ ಇಲ್ಲ ಎಂದು ಷಿ 2015ರಲ್ಲಿ ಶ್ವೇತಭವನದ ತೋಟದಲ್ಲಿ ನಿಂತು ಹೇಳಿದ್ದರು. ಉದ್ದೇಶ ಇರಲಿಲ್ಲ, ಕ್ಷಿಪಣಿ ತಾನಾಗೇ ಬಂದು ಕೂತಿರಬೇಕು.

2025ರ ಸೆಪ್ಟೆಂಬರ್ 3ರ ಸೇನಾ ಕವಾಯತಿನ ದಿನ ಒಂದು ಮಾತು ಮಾತ್ರ ಕಾಣೆಯಾಗಲು ಒಪ್ಪದೆ ಹೊರಬಿತ್ತು. ಷಿ, ಪುಟಿನ್, ಜೊತೆಗೆ ಕಿಮ್ ಜಾಂಗ್ ಉನ್ ತಿಯಾನನ್ಮೆನ್ ವೇದಿಕೆಯ ಕಡೆ ನಡೆಯುತ್ತಿದ್ದಾಗ ಮೈಕು ಆನ್ ಇತ್ತು. ಅಂಗಾಂಗ ಬದಲಿಸುತ್ತ ಹೋದರೆ ಮನುಷ್ಯ ಚಿರಂಜೀವಿಯೂ ಆಗಬಹುದು ಎಂಬರ್ಥದ ಮಾತು ಪುಟಿನ್ ಕಡೆಯ ಅನುವಾದಕನಿಂದ ಬಂತು. ಈ ಶತಮಾನದಲ್ಲೇ 150 ವರ್ಷ ಬದುಕಬಹುದಂತೆ ಎಂದು ಷಿ ದನಿಗೂಡಿಸಿದರು. ಇಬ್ಬರಿಗೂ ಆಗ 72. ಆ ದೃಶ್ಯ ಹಿಂತೆಗೆಯುವಂತೆ ಸಿಸಿಟಿವಿ ರಾಯ್ಟರ್ಸ್‌ಗೆ ಹೇಳಿತು, ಅದು ಹಿಂತೆಗೆಯಿತು. ಅಷ್ಟರಲ್ಲಿ ಲೋಕವೆಲ್ಲ ಕೇಳಿಯಾಗಿತ್ತು. ಲೆಕ್ಕ ಹಾಕಿ ನೋಡಿದೆ: ಐದೈದು ವರ್ಷದ ಹದಿನೈದು ಅವಧಿ ಇನ್ನೂ ಬಾಕಿ ಇದೆ. ಈಗಿನ ವೇಗದಲ್ಲಿ ಜನರಲ್ಲುಗಳು ಅಷ್ಟು ಕಾಲಕ್ಕೆ ಸಾಲುವುದಿಲ್ಲ.

ಸದ್ಯಕ್ಕೆ ವಿದೇಶಾಂಗ ಇಲಾಖೆಯ ಎಲ್ಲ ಭಾರ ವಾಂಗ್ ಯಿ ಅವರ ಮೇಲಿದೆ. ಚಿನ್ ಗಾಂಗ್ ಹೋದಾಗ 69 ವರ್ಷದ ಅವರನ್ನು ಮತ್ತೆ ಅದೇ ಕುರ್ಚಿಗೆ ಕರೆತಂದರು. ಅವರ ಉತ್ತರಾಧಿಕಾರಿ ಎಂದು ಎಲ್ಲರೂ ಬೆರಳು ತೋರಿಸುತ್ತಿದ್ದದ್ದು ಪಕ್ಷದ ಅಂತರರಾಷ್ಟ್ರೀಯ ವಿಭಾಗದ ಲಿಯು ಜಿಯಾನ್‌ಚಾವೊ ಅವರತ್ತ. 2025ರ ಬೇಸಿಗೆಯಲ್ಲಿ ಅವರೂ ಕಣ್ಮರೆಯಾದರು, ಸೆಪ್ಟೆಂಬರ್ ಕೊನೆಗೆ ಅವರ ಜಾಗಕ್ಕೆ ಬೇರೆಯವರು ಬಂದರು. ಹೀಗಾಗಿ ಎಪ್ಪತ್ತು ದಾಟಿದ ವಾಂಗ್ ಯಿ ಅವರೇ ಸೂಟ್‌ಕೇಸ್ ಹಿಡಿದು ದೇಶ ದೇಶ ಸುತ್ತುತ್ತಿದ್ದಾರೆ. ಆ ವರ್ಷ ಆಗಸ್ಟ್‌ನಲ್ಲಿ ದಿಲ್ಲಿಗೂ ಬಂದರು. ಜೈಶಂಕರ್, ದೋವಲ್, ಮೋದಿ ಎಲ್ಲರನ್ನೂ ಕಂಡರು, ಗಡಿ ಕುರಿತ 24ನೇ ಸುತ್ತಿನ ಮಾತುಕತೆ ಮುಗಿಸಿದರು. ಮುಂದಿನ ಸುತ್ತು 2026ರಲ್ಲಿ ಚೀನಾದಲ್ಲಿ ಎಂದು ಉಭಯತ್ರರೂ ಒಪ್ಪಿದರು. ನಮ್ಮ ವಿದೇಶಾಂಗ ಇಲಾಖೆಯ ಅಧಿಕಾರಿಗಳಿಗೆ ಒಂದು ವಿನಂತಿ: ಸಭೆಯ ಕಡತದಲ್ಲಿ ಊರಿನ ಹೆಸರನ್ನು ಶಾಯಿಯಲ್ಲಿ ಬರೆಯಿರಿ, ಎದುರು ಕೂರುವವರ ಹೆಸರನ್ನು ಪೆನ್ಸಿಲಿನಲ್ಲಿ.